ಸೂಲಗಿತ್ತಿಯ ಸೊಸೆ

1953, ಮಾರ್ಚ್ 9

ಇವತ್ತು ಪಟ್ಟಣದ ಸೂಲಗಿತ್ತಿ ತರಬೇತಿಯಲ್ಲಿ ಪಾಠದ ಮಧ್ಯೆ ಎದ್ದು ಅಂಗಳಕ್ಕೆ ಓಡಿದೆ. ಗೋಡೆಗೆ ಕೈಯೂರಿ ನಿಂತು, ಬೆಳಿಗ್ಗೆ ಕುಡಿದ ನವಣೆ ಗಂಜಿಯನ್ನೆಲ್ಲ ಕಕ್ಕಿಬಿಟ್ಟೆ. ಒಳಗಿದ್ದ ಹೆಂಗಸರು ನಕ್ಕರು.

"ರಕ್ತ ಅಂತ ಬಾಯಲ್ಲಿ ಹೇಳಿದ್ದಕ್ಕೇ ಹೀಗೆ. ಕಣ್ಣಲ್ಲಿ ನೋಡಿದ್ರೆ ಹೆರೋಳಿಗಿಂತ ಮುಂಚೆ ಇವಳೇ ನೆಲಕ್ಕೆ ಬೀಳ್ತಾಳೆ" ಅಂದಳು ಮೇಲಿನ ಹಳ್ಳಿಯ ದಪ್ಪ ಹೆಂಗಸು. ನಾನೂ ನಕ್ಕ ಹಾಗೆ ಮಾಡಿದೆ.

ರಕ್ತದ ಮಾತಲ್ಲ ಅದು. ಡಾಕ್ಟರಮ್ಮ ಶೆನ್ ಎಳೆಗೂಸುಗಳಿಗೆ ಬಡಿಯುವ ಗಾಳಿಯ ವಿಷಯ ಹೇಳುತ್ತಿದ್ದರು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಬಾಯಿ ತೆರೆಯುವುದಿಲ್ಲ. ದವಡೆ ಕಚ್ಚಿಕೊಳ್ಳುತ್ತದೆ. ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ. "ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ, ತಾಯಿಯ ಪಾಪವೂ ಅಲ್ಲ. ಇದು ಧನುರ್ವಾಯು. ಹೊಕ್ಕುಳಬಳ್ಳಿ ಕತ್ತರಿಸಿದ ಕೊಳಕು ಕತ್ತರಿಯಿಂದ ಮೈಯೊಳಗೆ ಹೋಗುತ್ತದೆ" ಅಂದರು.

ನನ್ನ ಮಗ ಹಾಗೇ ಹೋದ. ಹೆಸರಿಡುವ ಮುಂಚೆ ಹೋದ. ಅವನ ಬಳ್ಳಿ ಕತ್ತರಿಸಿದ್ದು ನನ್ನ ಅತ್ತೆ, ಬಟ್ಟೆ ಚಪ್ಪಲಿಗೆ ಅಟ್ಟೆ ಕತ್ತರಿಸುವ ತಮ್ಮ ಕತ್ತರಿಯಿಂದ. ಕತ್ತರಿಸುವ ಮುಂಚೆ ಅದನ್ನು ಅಂಗಿಯ ತುದಿಗೆ ಒರೆಸಿಕೊಂಡಿದ್ದು ನನಗೆ ಕಾಣುತ್ತಲೇ ಇದೆ.

ಅಕ್ಷರ ಮರೆಯಬಾರದು, ದಿನಾ ನಾಲ್ಕು ಸಾಲು ಬರೀರಿ ಅಂತ ಡಾಕ್ಟರಮ್ಮ ಹೇಳಿದ್ದಾರೆ. ನಾಲ್ಕು ಸಾಲು ದಾಟಿತು.

ಮಾರ್ಚ್ 21

ಊರಿಗೆ ಬಂದೆ. ಮಹಿಳಾ ಸಂಘದ ದೋಂಗ್ ಅಕ್ಕ ಜೊತೆಯಲ್ಲೇ ನಡೆದು ಬಂದಳು. ದಾರಿಯುದ್ದಕ್ಕೂ ಅವಳದೇ ಮಾತು. "ನಮ್ಮೂರಲ್ಲಿ ಓದು ಬಲ್ಲ ಸೊಸೆ ನೀನೊಬ್ಬಳೇ ಜಿನ್‌ಯೆ. ಅದಕ್ಕೇ ನಿನ್ನ ಹೆಸರು ಕೊಟ್ಟೆ. ಇನ್ನು ಈ ಕಣಿವೆಯಲ್ಲಿ ಒಂದು ಮಗುವೂ ಸುಮ್ಮಸುಮ್ಮನೆ ಸಾಯಬಾರದು."

ನಾನು ಹೂಂ ಹೂಂ ಅಂದೆ. ಹಳದಿ ಮಣ್ಣಿನ ದಿಬ್ಬಗಳು ಒಂದೊಂದಾಗಿ ಹಿಂದೆ ಸರಿದ ಹಾಗೆ ಕಾಲು ಭಾರವಾಯಿತು. ಈ ಕಣಿವೆಯ ಮಕ್ಕಳನ್ನೆಲ್ಲ ಹೆರಿಗೆ ಮಾಡಿಸಿ ಎತ್ತಿಕೊಂಡವರು ನನ್ನ ಅತ್ತೆ ಗೆಂಗ್ ಅಜ್ಜಿ. ಅವರ ಕೆಲಸವನ್ನೇ ಕಸಿದುಕೊಳ್ಳಲು ಅವರ ಮನೆಗೇ ನನ್ನನ್ನು ಕಳಿಸುತ್ತಿದ್ದಾರೆ.

ದಿಬ್ಬ ಕೊರೆದು ಮಾಡಿದ ನಮ್ಮ ಗುಹೆಮನೆಯ ಬಾಗಿಲಲ್ಲಿ ಅತ್ತೆ ಜೋಳ ಕೇರುತ್ತ ಕೂತಿದ್ದರು.

"ಏನೇ, ಸರ್ಕಾರದ ಸೂಲಗಿತ್ತಿ ಬಂದ್ಲಾ? ಕತ್ತೆ ಮರಿ ಹಾಕೋ ದಿನ ಹತ್ರ ಬಂದಿದೆ. ಅದರಿಂದ್ಲೇ ಶುರು ಮಾಡು. ಒದ್ದರೆ ನನ್ನ ಕರಿಬೇಡ."

ನನ್ನ ಗಂಡ ಫೂಶಾನ್ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡ. ಆಮೇಲೆ ಅತ್ತೆ ನನ್ನ ಚೀಲ ಇಸಿದುಕೊಂಡು, ಕಾಲು ಬೆಚ್ಚಗಾಗಲಿ ಅಂತ ಒಲೆಯ ಬದಿಯ ಬಿಸಿ ಜಗಲಿಯ ಮೇಲೆ ಜಾಗ ಮಾಡಿಕೊಟ್ಟರು. ನನಗೆ ಅಂತ ಹುರುಳಿಹಿಟ್ಟಿನ ಶಾವಿಗೆ ಎತ್ತಿಟ್ಟಿದ್ದರು. ಮಗು ಹೋದಾಗಲೂ ಹೀಗೇ. ಇಡೀ ವಾರ ನನ್ನ ಪಕ್ಕದಲ್ಲಿ ಕೂತು, ಎದೆಹಾಲು ಕಟ್ಟಿ ಸುಡುತ್ತಿದ್ದ ನನ್ನ ಮೈಗೆ ಬಿಸಿಬಟ್ಟೆ ಇಟ್ಟವರು ಅವರೇ.

ಹೇಳುವುದು ಹೇಗೆ? ಹೇಳದಿರುವುದು ಹೇಗೆ? ಅವರು ಬಡಿಸಿದ್ದನ್ನೆಲ್ಲ ತಿಂದೆ.

ಏಪ್ರಿಲ್ 11

ಪಕ್ಕದ ಯಾನ್‌ಮೆಯ್‌ಗೆ ನೋವು ಬಂತು. ಅತ್ತೆಯನ್ನು ಕರೆದರು. ನಾನೂ ಹಿಂದೆ ಹೋದೆ. ಹೋಗುವಾಗಲೇ ಬೇಡ ಅನ್ನಿಸುತ್ತಿತ್ತು, ಕಾಲು ಹೋಗುತ್ತಿತ್ತು.

ಒಳಗೆ ಒಲೆ ಬದಿಯ ಜಗಲಿಯ ಚಾಪೆ ಸುತ್ತಿಟ್ಟು, ರಕ್ತ ಹೀರಲಿ ಅಂತ ಬೂದಿ ಹರಡಿದ್ದರು. ಯಾನ್‌ಮೆಯ್ ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಮುಲುಗುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, "ಅತ್ತೆ, ಕತ್ತರಿ ಒಂದ್ಸಲ ನೀರಲ್ಲಿ ಕುದಿಸೋಣ. ಕೈಗೆ ಸೋಪು..." ಅಂದೆ.

ಯಾನ್‌ಮೆಯ್‌ಳ ಅತ್ತೆ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದಳು. "ಕತ್ತರಿ ಕುದಿಸಿ ಸಾರು ಮಾಡ್ತೀಯೇನೇ? ನಿನ್ನ ಮಗೂನ ಉಳಿಸಿಕೊಳ್ಳೋಕಾಗಲಿಲ್ಲ, ನಮಗೆ ಹೇಳೋಕೆ ಬಂದಿದೀಯ. ಆಚೆ ನಡಿ. ಕೂಸು ಕಳಕೊಂಡೋಳ ನೆರಳು ಇಲ್ಲಿ ಬೀಳಬಾರದು."

ಅತ್ತೆ ಅವಳಿಗೆ ಗದರಿದರು. "ನನ್ನ ಸೊಸೆ ತಂಟೆಗೆ ಬರಬೇಡ, ನಾಲಿಗೆ ಬಿಗಿ ಹಿಡಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಮನೆಗೆ ಹೋಗು ಮಗಾ" ಅಂದರು.

ಹೊರಗೆ ಕಟ್ಟಿಗೆ ರಾಶಿಯ ಹತ್ತಿರ ನಿಂತೇ ಇದ್ದೆ. ಗಂಡು ಮಗು ಅಳುವುದು ಕೇಳಿತು. ಒಳ್ಳೆ ಗಟ್ಟಿ ದನಿ. ಎಲ್ಲರೂ ನಕ್ಕರು.

ಏಪ್ರಿಲ್ 17

ಯಾನ್‌ಮೆಯ್‌ಳ ಮಗು ಹಾಲು ಕುಡಿಯುತ್ತಿಲ್ಲವಂತೆ.

ಏಪ್ರಿಲ್ 18

ಹೋಯಿತು.

ಏಪ್ರಿಲ್ 29

ಬಾವಿಯ ಕಡೆ ಹೋಗಲು ಹೆದರಿಕೆ. ನಾನು ಹೋದರೆ ಮಾತು ನಿಲ್ಲುತ್ತದೆ. ಕೊಡ ತುಂಬಿ ಹೊರಟ ಮೇಲೆ ಬೆನ್ನ ಹಿಂದೆ ಶುರುವಾಗುತ್ತದೆ. "ಅವಳು ಬಾಗಿಲಲ್ಲಿ ನಿಂತು ಅಪಶಕುನ ನುಡಿದಳಂತೆ. ಅದೇ ಗಳಿಗೆಗೆ ಗಾಳಿ ಹೊಕ್ಕಿತಂತೆ." ನಿನ್ನೆ ನಮ್ಮ ಹೊಸಿಲಿಗೆ ಯಾರೋ ಬೂದಿ ಎರಚಿ ಹೋಗಿದ್ದರು. ಅತ್ತೆ ಏಳುವ ಮುಂಚೆ ಗುಡಿಸಿಬಿಟ್ಟೆ.

ಬಸುರಿ ಹೆಂಗಸರು ನನ್ನನ್ನು ಕಂಡರೆ ಹೊಟ್ಟೆಗೆ ಕೈ ಅಡ್ಡ ಹಿಡಿದು ದಾರಿ ಬದಲಿಸುತ್ತಾರೆ. ಯಾವುದಾದರೂ ಕೂಸು ಅತ್ತರೂ ಮೈ ಜುಂ ಅನ್ನುತ್ತದೆ.

ಫೂಶಾನ್ ರಸ್ತೆ ಕೆಲಸದಿಂದ ಬಂದವನು ಕೇಳಿಸಿಕೊಂಡಿದ್ದಾನೆ. "ಬಿಟ್ಟುಬಿಡು ಜಿನ್‌ಯೆ. ದೋಂಗ್ ಅಕ್ಕನಿಗೆ ನಾನೇ ಹೇಳ್ತೀನಿ, ಇವಳಿಂದ ಆಗಲ್ಲ ಅಂತ. ಅಮ್ಮ ಇದಾಳಲ್ಲ, ಮಾಡ್ಕೋತಾಳೆ."

"ಸರಿ" ಅಂದೆ.

ಆದರೆ ಅವನು ಹೇಳುವ ಮುಂಚೆ ದೋಂಗ್ ಅಕ್ಕನ ಮನೆಗೆ ನಾನೇ ಹೋಗಿ, ಸೋಪಿನ ತುಂಡು ಮುಗಿದಿದೆ, ಇನ್ನೊಂದು ಬೇಕು ಅಂತ ಕೇಳಿ ತಂದೆ. ಯಾಕೆ ಹಾಗೆ ಮಾಡಿದೆನೋ. ಕತ್ತೆಯ ಮರಿಗೆ ಬೇಕಾದೀತು ಅಂತ ಇರಬೇಕು.

ಜೂನ್ 2

ನಾದಿನಿ ತಾವ್‌ಜೆನ್‌ಳ ಊರಿಂದ ಹೇಳಿಕಳಿಸಿದ್ದಾರೆ, ದಿನ ತುಂಬಿದೆ ಅಂತ. ಮಗಳು ತವರಲ್ಲಿ ಹೆತ್ತರೆ ಮನೆಗೆ ಕೇಡು ಅನ್ನುತ್ತಾರೆ. ಅದಕ್ಕೇ ಅತ್ತೆ ಕಣಿವೆ ದಾಟಿ ಅಲ್ಲಿಗೇ ಹೋಗಬೇಕು. ಅವಳ ಮೊದಲ ಮಗುವನ್ನೂ ಅತ್ತೆಯೇ ಎತ್ತಿಕೊಂಡಿದ್ದು. ಅದನ್ನೂ ಗಾಳಿ ಒಯ್ದಿತ್ತು.

ಬಂದವನು ಇನ್ನೊಂದು ಮಾತು ಹೇಳಿದ. "ಅತ್ತಿಗೆನೂ ಬರಲೇಬೇಕು ಅಂತ ಹಟ ಹಿಡಿದಿದಾಳೆ."

ಹೋದರೆ ಅತ್ತೆಯ ಕತ್ತರಿಯ ಎದುರು ನಿಲ್ಲಬೇಕು. ಹೋಗದಿದ್ದರೆ ಯಾನ್‌ಮೆಯ್‌ಳ ಮನೆಯಲ್ಲಿ ಆದದ್ದೇ ಆಗುತ್ತದೆ. ನಾಳೆ ಬೆಳಕಾದ ಕೂಡಲೇ ಹೊರಡುವುದು. ಜ್ವರ ಬರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಹಣೆ ಮುಟ್ಟಿ ನೋಡಿಕೊಂಡೆ. ತಣ್ಣಗಿದೆ.

ಜೂನ್ 5

ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಬರೆಯದಿದ್ದರೆ ಮತ್ತೆ ಮತ್ತೆ ಕಣ್ಣಿಗೆ ಬರುತ್ತದೆ.

ಮೊನ್ನೆ ನಾವು ಹೋದಾಗ ಮಧ್ಯಾಹ್ನ. ಹೆರಿಗೆ ಮನೆ ಅನ್ನುವ ಗುರುತಿಗೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ ಆಗಿತ್ತು. ತಾವ್‌ಜೆನ್ ನನ್ನ ಮಣಿಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. "ಅತ್ತಿಗೇ, ನಂಗೆ ಹೆರೋಕೆ ಭಯ ಇಲ್ಲ. ಆಮೇಲಿಂದು ಭಯ. ಅದು ಹಾಲು ಕುಡಿಯೋದು ನಿಲ್ಲಿಸುತ್ತಲ್ಲ, ಅದು."

ನಾನು ನೀರು ಕಾಯಲು ಇಟ್ಟೆ. ಡಾಕ್ಟರಮ್ಮ ಕೊಟ್ಟ ಕತ್ತರಿ, ದಾರ ಎರಡನ್ನೂ ಅದರಲ್ಲಿ ಹಾಕಿದೆ. ಉಗುರು ಕತ್ತರಿಸಿಕೊಂಡು ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿದೆ. ಅತ್ತೆ ನೋಡುತ್ತಿದ್ದರು. "ಮದುವೆಗೆ ಹೊರಟ ಹಾಗೆ ತಿಕ್ಕೋತಿದಾಳೆ" ಅಂತ ತಾವ್‌ಜೆನ್‌ಳ ಅತ್ತೆಗೆ ಹೇಳಿ ನಕ್ಕರು. ನಗು ಪೂರ್ತಿ ಹೊರಗೆ ಬರಲಿಲ್ಲ.

ನೋವು ಜೋರಾಯಿತು. ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಕತ್ತರಿ ತೆಗೆದು ಜಗಲಿಯ ಅಂಚಿಗಿಟ್ಟು, ಅಂಗಿಯ ತೋಳು ಮಡಚಿ ಮುಂದೆ ಬಂದರು. ನಾನು ಅಡ್ಡ ನಿಂತೆ.

"ಆಚೆ ಸರಿ ಕಣೇ."

"ಇಲ್ಲ ಅತ್ತೆ."

"ಅವಳು ನನ್ನ ಮಗಳು ಕಣೇ!"

"ಅದಕ್ಕೇ ಅತ್ತೆ."

ಅವರು ನನ್ನ ಭುಜ ಹಿಡಿದು ತಳ್ಳಿದರು. ಆಗ ಬಾಯಿಂದ ಬಂದೇಬಿಟ್ಟಿತು. "ನನ್ನ ಮಗನ್ನ ಕೊಂದಿದ್ದು ಆ ಕತ್ತರಿ. ಇವಳ ಮೊದಲನೇದನ್ನೂ. ಯಾನ್‌ಮೆಯ್‌ದನ್ನೂ. ಗಾಳಿ ಎಲ್ಲೂ ಇಲ್ಲ ಅತ್ತೆ, ಅದು ಆ ಕತ್ತರಿಯಲ್ಲಿದೆ!"

ಅತ್ತೆ ಹೊಡೆಯುತ್ತಾರೆ ಅಂದುಕೊಂಡೆ. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಒಲೆಯ ಹತ್ತಿರ ನೆಲದ ಮೇಲೆ ಕೂತಿದ್ದರು.

"ಅತ್ತಿಗೇ!" ಅಂತ ತಾವ್‌ಜೆನ್ ಕೂಗಿದಳು.

ಆಮೇಲೆ ಯೋಚಿಸಲು ಪುರುಸೊತ್ತು ಇರಲಿಲ್ಲ. ಬೂದಿಯ ಮೇಲೆ ಕೂರಬೇಡ ಅಂತ ಒಗೆದ ಬಟ್ಟೆ ಹಾಸಿ ಮಲಗಿಸಿದೆ. ತಲೆ ಬಂತು. ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಬೆರಳು ತೂರಿಸಿ ಸಡಿಲ ಮಾಡಿ ತಲೆ ದಾಟಿಸಿದೆ. ಮೈ ಬಂತು. ಹೆಣ್ಣು. ನೀಲಿಗಟ್ಟಿತ್ತು. ಅಳಲಿಲ್ಲ. ಬಾಯೊಳಗಿನ ಲೋಳೆ ತೆಗೆದು ಬೆನ್ನು ಉಜ್ಜಿದೆ. ಅಳಲಿಲ್ಲ. ಅಂಗಾಲಿಗೆ ತಟ್ಟಿದೆ. ತಾವ್‌ಜೆನ್‌ಳ ಅತ್ತೆ ಆಗಲೇ ಮೂಗೆಳೆಯುತ್ತಿದ್ದಳು. "ಸುಮ್ಮನಿರಿ, ಬೆಚ್ಚಗಿನ ಬಟ್ಟೆ ಕೊಡಿ!" ಅಂತ ಕಿರುಚಿದೆ. ದೊಡ್ಡವರಿಗೆ ಹಾಗೆ ಕಿರುಚಬಾರದಿತ್ತು. ಮತ್ತೆ ಉಜ್ಜಿದೆ.

ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು. ಆಮೇಲೆ ಇಡೀ ಕಣಿವೆಗೆ ಕೇಳುವ ಹಾಗೆ ಅತ್ತಿತು.

ಬಳ್ಳಿ ಕಟ್ಟಿ, ಕುದಿಸಿದ ಕತ್ತರಿಯಿಂದ ಕತ್ತರಿಸಿದೆ. ಮಾಸು ಪೂರ್ತಿ ಬಂತು. ಎಲ್ಲ ಮುಗಿದ ಮೇಲೆ ಹೊರಗೆ ಹೋಗಿ ಕೂತೆ. ನನ್ನಂಥ ಪುಕ್ಕಲಿಯನ್ನು ಈ ಕೆಲಸಕ್ಕೆ ಕಳಿಸಬಾರದಿತ್ತು.

ಜೂನ್ 8

ಇಲ್ಲೇ ಇದ್ದೇವೆ. ಅತ್ತೆ ಒಂದು ಮಾತೂ ಆಡಿಲ್ಲ. ಊಟ ಕೊಟ್ಟರೆ ಎರಡು ತುತ್ತು. ಉಳಿದಂತೆ ಬಾಣಂತಿಯ ಪಕ್ಕ ಕೂತು ಕೂಸಿನ ಬಾಯಿಯನ್ನೇ ನೋಡುತ್ತಾರೆ. ಅದು ಆಕಳಿಸಿದರೆ ಮುಂದಕ್ಕೆ ಬಗ್ಗುತ್ತಾರೆ. ನಾನು ಇನ್ನೊಂದು ಬದಿಯಿಂದ ಬಗ್ಗುತ್ತೇನೆ. ನಮ್ಮ ತಲೆಗಳು ಹತ್ತಿರ ಬಂದಾಗ ಇಬ್ಬರೂ ಹಿಂದೆ ಸರಿಯುತ್ತೇವೆ.

ನನಗೆ ಎರಡು ಹೆದರಿಕೆ. ಕೂಸು ಸತ್ತರೆ ಅನ್ನುವುದು ಒಂದು. ಉಳಿದರೆ ಅತ್ತೆಗೆ ಏನಾಗುತ್ತದೋ ಅನ್ನುವುದು ಇನ್ನೊಂದು.

ಜೂನ್ 10

ಕುಡಿಯುತ್ತಿದೆ.

ಜೂನ್ 15

ಬಳ್ಳಿ ಉದುರಿ ಹೊಕ್ಕುಳು ಒಣಗಿದೆ. ಕುಡಿಯುತ್ತದೆ, ಮಲಗುತ್ತದೆ, ಮತ್ತೆ ಕುಡಿಯುತ್ತದೆ. ತಾವ್‌ಜೆನ್ ಕೆಂಪು ಬೋರೆಹಣ್ಣು ಹಾಕಿದ ಗಂಜಿ ಬಟ್ಟಲು ಬಟ್ಟಲು ಮುಗಿಸುತ್ತಿದ್ದಾಳೆ. ಬಾಣಂತಿ ಮಲಗಬಾರದು, ಗೋಡೆಗೊರಗಿ ಕೂತೇ ಇರಬೇಕು ಅಂತ ಅವಳ ಅತ್ತೆ ಶುರು ಮಾಡಿದ್ದಳು. ನಾನು ಒಪ್ಪಲಿಲ್ಲ. ಕೊನೆಗೆ ಅವಳೇ ದಿಂಬು ತಂದುಕೊಟ್ಟಳು.

ಸಂಜೆ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದೆ. ಅತ್ತೆ ಹಿಂದೆಯೇ ಬಂದರು. ಕಲ್ಲಿನ ಮೇಲೆ ಕೂತರು.

"ನಂದು ಮೂರು ಹೋಯ್ತು" ಅಂದರು. "ಫೂಶಾನ್‌ಗಿಂತ ಮೊದಲು ಎರಡು. ತಾವ್‌ಜೆನ್ ಆದ ಮೇಲೆ ಒಂದು. ನಮ್ಮತ್ತೆ ಎತ್ತಿಕೊಂಡಿದ್ದು. ಆ ಕತ್ತರಿ ಅವರದೇ. ನಂಗೆ ಕೆಲಸ ಕಲಿಸಿ ಕೊಟ್ಟು ಹೋದರು."

ನಾನು ಬಟ್ಟೆ ಹಿಂಡುವುದನ್ನು ನಿಲ್ಲಿಸಿದೆ.

"ಅವರು ಕೆಟ್ಟೋರಲ್ಲ ಕಣೇ. ಪ್ರತಿ ಸಲ ನನಗಿಂತ ಜಾಸ್ತಿ ಅತ್ತರು."

"ಗೊತ್ತು ಅತ್ತೆ."

"ನಿನಗೆ ಮಾರ್ಚಿಂದ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ನನ್ನ ಕೈಯಡುಗೆ ತಿಂದೆ."

ಹಸಿವಾಗುತ್ತಿತ್ತು ಅಂದೆ. ಅವರು ನಗಲು ಹೋದರು. ಆಮೇಲೆ ಮುಖವನ್ನು ಮಂಡಿಯ ನಡುವೆ ಹುದುಗಿಸಿ ಅತ್ತರು. ಮುದುಕಿ ಅಷ್ಟು ಜೋರಾಗಿ ಅಳುವುದನ್ನು ನಾನು ಕಂಡಿರಲಿಲ್ಲ. ಮುಟ್ಟಲು ಹೆದರಿಕೆಯಾಯಿತು. ಪಕ್ಕದಲ್ಲಿ ಕೂತೆ. ಕತ್ತಲಾಗುವವರೆಗೆ ಕೂತಿದ್ದೆವು. ಒಗೆದ ಬಟ್ಟೆಯೊಂದು ನೀರಿನಲ್ಲಿ ತೇಲಿಕೊಂಡು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಗಸ್ಟ್ 20

ಬಹಳ ದಿನ ಬರೆಯಲಿಲ್ಲ. ಕೊಯ್ಲು, ನಡುವೆ ಹೆರಿಗೆಯ ಕರೆಗಳು.

ಕೆಳಗಿನ ಓಣಿಯವರು ಅತ್ತೆಯನ್ನು ಕರೆಯಲು ಬಂದರು. ಅತ್ತೆ ಜಗಲಿಯಿಂದ ಏಳಲಿಲ್ಲ. "ನಾನು ಬರಲ್ಲ. ನನ್ನ ಸೊಸೇನ ಕರ್ಕೊಂಡು ಹೋಗಿ." ಅವರು ಮುಖ ಮುಖ ನೋಡಿಕೊಂಡರು. ನನ್ನ ಹೆಸರು ಕೇಳಿದರೆ ಇನ್ನೂ ಹಿಂಜರಿಕೆ. ಆಗ ಅತ್ತೆ ಎದ್ದು, "ಸರಿ ನಡೀರಿ, ನಾನೂ ಬರ್ತೀನಿ. ಬಾಗಿಲಲ್ಲಿ ಕೂತಿರ್ತೀನಿ. ಕೈ ಹಾಕಲ್ಲ" ಅಂದರು.

ಬಾಗಿಲಲ್ಲಿ ಕೂರುವವರಾ ಅವರು! ಒಳಗೆ ಬಂದು ನೀರು ಕುದಿಸಿದರು. ಆ ಮನೆಯ ಅಜ್ಜಿ ಬೂದಿ ಹರಡಲು ಬಂದರೆ, "ಬೂದಿ ಗೊಬ್ಬರಕ್ಕೆ ಹಾಕು, ಮೊಮ್ಮಗೂಗೆ ಬೇಡ. ನಾನು ಎಷ್ಟು ಮಣ್ಣು ಮಾಡಿದೀನಿ ಗೊತ್ತಾ ನಿಂಗೆ?" ಅಂತ ಎಲ್ಲರ ಎದುರಿಗೇ ಹೇಳಿಬಿಟ್ಟರು. ಮಣ್ಣು ಮಾಡುವುದು ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಆ ಮನೆಯಿಂದ ಈ ಮನೆಗೆ ಮಾತು ಹೋಯಿತು. ಬಾವಿಯ ಹತ್ತಿರ ಈಗ ಅತ್ತೆಗೆ ಬೆನ್ನು ತಿರುಗಿಸುವವರೂ ಇದ್ದಾರೆ. ಅತ್ತೆ ಕೊಡ ಎತ್ತಿ ಅವರ ನಡುವೆಯೇ ನಡೆದು ಬರುತ್ತಾರೆ.

ಮೊನ್ನೆ ಯಾನ್‌ಮೆಯ್ ಬಂದಿದ್ದಳು. ಅತ್ತೆಯನ್ನು ನೋಡಿ ಅರ್ಧಕ್ಕೇ ನಿಂತಳು. ಅತ್ತೆ ಅವಳ ಎದುರು ಮಂಡಿಯೂರಿದರು. ಯಾನ್‌ಮೆಯ್ ಎಬ್ಬಿಸಲಿಲ್ಲ, ಬೈಯಲೂ ಇಲ್ಲ. ಅಳುತ್ತ ಹೊರಟುಹೋದಳು.

ಇನ್ನೊಂದು ವಿಷಯ. ನನಗೆ ಮೂರು ತಿಂಗಳು. ಮೊನ್ನೆಯವರೆಗೂ ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ಫೂಶಾನ್ ಕುಣಿದಾಡಿದ. ನನಗೆ ಅನ್ನ ಸೇರುತ್ತಿಲ್ಲ, ಬಸುರಿನಿಂದಲ್ಲ, ಭಯದಿಂದ.

ನವೆಂಬರ್ 3

ಹೊಟ್ಟೆಯಲ್ಲಿ ಒದೆಯುತ್ತದೆ. ಒದ್ದರೆ ಹೆದರಿಕೆ, ಒದೆಯದಿದ್ದರೆ ಇನ್ನೂ ಹೆದರಿಕೆ. ಇವತ್ತು ಎರಡು ದಿಬ್ಬ ದಾಟಿ ಒಂದು ಹೆರಿಗೆಗೆ ಹೋಗಿದ್ದೆ. ಅವಳಿಜವಳಿ. ಎರಡನೆಯದು ಕಾಲು ಮುಂದಾಗಿ ಬಂತು. ಇಬ್ಬರೂ ಚೆನ್ನಾಗಿದ್ದಾರೆ. ಬರುವ ದಾರಿಯಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂತು, ಜೀವವೇ ಹೋಯಿತು. ನಾನು ಹುಟ್ಟಾ ಪುಕ್ಕಲಿ.

1954, ಜನವರಿ 30

ದೋಂಗ್ ಅಕ್ಕ ಬಂದಿದ್ದಳು. "ನಿನ್ನ ಹೆರಿಗೆಗೆ ಪಟ್ಟಣಕ್ಕೆ ಹೋಗು. ಡಾಕ್ಟರಮ್ಮ ಶೆನ್ ಜಾಗ ಇಟ್ಟಿದಾರೆ. ಹಿಮ ಜಾಸ್ತಿ ಆಗೋ ಮುಂಚೆ ಗಾಡಿ ಕಟ್ಟಿಸ್ತೀನಿ."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಡಾಕ್ಟರಮ್ಮನ ಕೈ. ಬಿಳಿ ಗೋಡೆ. ಹೂಂ ಅನ್ನಲು ಬಾಯಿ ತೆರೆದೆ.

ಅತ್ತೆ ಒಲೆಯ ಹತ್ತಿರ ಹಿಟ್ಟು ನಾದುತ್ತಿದ್ದರು. ತಲೆ ಎತ್ತದೆ, "ಹೋಗಲಿ. ಅದೇ ಒಳ್ಳೇದು" ಅಂದರು. "ಗಾಡಿಗೆ ನನ್ನ ಹತ್ತಿ ಹೊದಿಕೆ ಹಾಕ್ತೀನಿ."

ಆರು ತಿಂಗಳಿಂದ ಅವರು ನೀರು ಕುದಿಸಿದ್ದಾರೆ, ಬಟ್ಟೆ ಕೊಟ್ಟಿದ್ದಾರೆ, ಹೆರುವವಳ ಬೆನ್ನಿಗೆ ಆನಿಕೊಂಡು ಕೂತಿದ್ದಾರೆ. ನಾನು ಹೇಳಿಕೊಟ್ಟದ್ದನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಒಂದು ಕೂಸನ್ನೂ ಮುಟ್ಟಿಲ್ಲ. ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

"ನಾನು ಹೋಗಲ್ಲ ದೋಂಗ್ ಅಕ್ಕ" ಅಂದೆ. "ನನ್ನ ಹೆರಿಗೆ ಅತ್ತೆ ಮಾಡ್ತಾರೆ."

ಹಿಟ್ಟು ನಾದುವುದು ನಿಂತಿತು. "ನಿಂಗೆ ತಲೆ ಕೆಟ್ಟಿದೆಯೇನೇ? ನಾನು ಮಾಡಲ್ಲ. ನಂಗೆ ಭಯ."

"ನಂಗೂ ಭಯ ಅತ್ತೆ."

ದೋಂಗ್ ಅಕ್ಕ ಬೈದಳು, ಗೋಗರೆದಳು. ಏನಾದರೂ ಕಷ್ಟ ಕಂಡರೆ ತಕ್ಷಣ ಹೊರಡಬೇಕು ಅಂತ ತಾನು ತಂದ ಗಾಡಿಯನ್ನು ನಮ್ಮ ಅಂಗಳದಲ್ಲೇ ಬಿಟ್ಟುಹೋದಳು. ಒಳ್ಳೆಯದೇ ಆಯಿತು. ಅವಳು ಹೋದ ಮೇಲೆ, ಈಗಲೂ ಅವಳ ಹಿಂದೆ ಓಡಿ, ಪಟ್ಟಣಕ್ಕೆ ಬರ್ತೀನಿ ಅನ್ನಲೇ ಅಂತ ಹೊಸಿಲವರೆಗೆ ಹೋಗಿ ನಿಂತೆ.

ಅಲ್ಲಿಂದ ಒಳಗೆ ಬಂದು ಅತ್ತೆಯ ಜೊತೆ ಹಿಟ್ಟು ನಾದಿದೆ.

ಫೆಬ್ರವರಿ 16

ಬೆಳಗಿನ ಜಾವದಿಂದ ನೋವು. ಈಗ ಹತ್ತಿರ ಹತ್ತಿರ ಬರುತ್ತಿದೆ. ಫೂಶಾನ್‌ನನ್ನು ಹೊರಗೆ ಕಳಿಸಿದ್ದಾರೆ, ಅಂಗಳದಲ್ಲಿ ಹಿಮ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಾನೆ. ಯಾನ್‌ಮೆಯ್ ತಾನಾಗಿಯೇ ಬಂದು ಒಲೆಗೆ ಕಟ್ಟಿಗೆ ಹಾಕುತ್ತಿದ್ದಾಳೆ. ಅತ್ತೆಗೂ ಅವಳಿಗೂ ಮಾತಿಲ್ಲ. ಆದರೆ ಬಂದಿದ್ದಾಳೆ.

ಬಹಳ ಹೆದರಿಕೆಯಾಗುತ್ತಿದೆ. ನನ್ನ ಮಗನ ಮುಖ ಕಣ್ಣ ಮುಂದೆ ಬರುತ್ತದೆ.

ಅತ್ತೆ ಅಲ್ಲಿ ಪರದೆಯ ಆಚೆ ಕೈ ತೊಳೆಯುತ್ತಿದ್ದಾರೆ. ಇಲ್ಲಿಗೆ ಕಾಣುವುದಿಲ್ಲ, ನೀರಿನ ಸದ್ದು ಮಾತ್ರ ಕೇಳುತ್ತದೆ. ಉಗುರಿನ ಸಂದು, ಬೆರಳಿನ ಸಂದು, ಮೊಣಕೈವರೆಗೆ. ತೊಳೆದರೋ ಇಲ್ಲವೋ ಅಂತ ಬಗ್ಗಿ ನೋಡಬಹುದು, ಪರದೆ ಕೈಗೆಟುಕುವಷ್ಟು ಹತ್ತಿರ ಇದೆ.

ನಾನು ನೋಡುವುದಿಲ್ಲ. ಬರೆಯುವುದು ನಿಲ್ಲಿಸಿ ಮಲಗುತ್ತೇನೆ.